ಹೊಡೆದ ಅಪ್ಪನನ್ನು ಸನ್ಮಾನಿಸುವುದು ಹೇಗೆ?

ಪ್ರಶ್ನೆ: ಅಯ್ಯನವರೇ, ನನಗೆ 43 ವರ್ಷ. ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಶಿಕ್ಷಕ. ನಮ್ಮ ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಸಂಬಳದ ದಿನ ಅಂದರೆ ನಮ್ಮ ಮನೆಯಲ್ಲಿ ಹೆದರಿಕೆಯ ದಿನ. ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದರು, ಅಡ್ಡ ಹೋದರೆ ನನ್ನನ್ನೂ. ಅವ್ವನ ಬೆಂಡೋಲೆ ಮಾರಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಫೀಸು ಕಟ್ಟಿ ಓದಿಸಿದ್ದು ಸೋದರಮಾವ. ಅವ್ವ ತೀರಿಕೊಂಡು ಆರು ವರ್ಷ ಆಯಿತು. ಅಪ್ಪನಿಗೆ ಈಗ 74. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಸರಿಯಾಗಿ ಹೊರಡುವುದಿಲ್ಲ. ತಮ್ಮ ಪುಣೆಯಲ್ಲಿದ್ದಾನೆ, ಫೋನೂ ಮಾಡುವುದಿಲ್ಲ. ಅಪ್ಪನಿಗೆ ಊಟ ಮಾಡಿಸುವುದು, ಸ್ನಾನ ಮಾಡಿಸುವುದು ಎಲ್ಲ ನಾನು, ನನ್ನ ಹೆಂಡತಿ. ಶನಿವಾರ ಸಂಜೆ ಗಡ್ಡ ಬೋಳಿಸುತ್ತೇನೆ. ಬಲಗೆನ್ನೆ ಜೋತುಬಿದ್ದಿದೆ, ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿಯಬೇಕು. ಹತ್ತು ವರ್ಷದ ನನ್ನ ಮಗ ನೀರಿನ ಮಗ್ಗು ಹಿಡಿದು ನಿಲ್ಲುತ್ತಾನೆ. ಅಷ್ಟು ಹತ್ತಿರದಿಂದ ಆ ಮುಖ ನೋಡುವಾಗ ನನಗೆ ಪ್ರೀತಿ ಬರುವುದಿಲ್ಲ. ಸುಮ್ನೆ ಕೆಲಸ ಮುಗಿಸುತ್ತೇನೆ. ಜೂನ್‌ನಲ್ಲಿ ತಂದೆಯರ ದಿನದಂದು ಚರ್ಚಿನಲ್ಲಿ ಮಕ್ಕಳ ಕೈಗೆ ಗುಲಾಬಿ ಕೊಟ್ಟು ಅಪ್ಪಂದಿರಿಗೆ ಕೊಡಿ ಎಂದರು. ಮಗ ನನಗೊಂದು ಕೊಟ್ಟ, ಇನ್ನೊಂದು ಕೇಳಿ ತಂದು ಗಾಲಿಕುರ್ಚಿಯಲ್ಲಿದ್ದ ಅಜ್ಜನಿಗೆ ಕೊಟ್ಟ. ಅಪ್ಪ ಗಳಗಳನೆ ಅತ್ತರು. ನನಗೆ ತಡೆಯಲಾಗಲಿಲ್ಲ, ಎದ್ದು ಹೊರಗೆ ಹೋದೆ. ಪ್ರೀತಿಯಿಲ್ಲದೆ ಮಾಡುವ ಸೇವೆ, ‘ತಂದೆತಾಯಿಗಳನ್ನು ಸನ್ಮಾನಿಸು’ ಎಂಬ ಐದನೆಯ ಆಜ್ಞೆ ಮೀರಿದಂತೆಯೇ? ಒಂದು ದಿನವೂ ತಪ್ಪಾಯಿತು ಎನ್ನದವರನ್ನು ಕ್ಷಮಿಸಬೇಕಾ? ಹೆಂಡತಿ ಸುಸ್ತಾಗಿ ವೃದ್ಧಾಶ್ರಮದ ಮಾತು ತೆಗೆದಿದ್ದಾಳೆ, ಅದು ಪಾಪವಾ? ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇದು: ಕಳೆದ ವಾರ ಲೆಕ್ಕ ತಪ್ಪಿದ್ದಕ್ಕೆ ಮಗನಿಗೆ ಹೊಡೆದೆ. ಕೈ ಎತ್ತಿದಾಗ ಅದು ನನ್ನ ಕೈ ಅಲ್ಲ, ಅಪ್ಪನ ಕೈ ಅನ್ನಿಸಿತು. ಮರುದಿನ ಅವನೇ ಕೇಳಿದ, ‘ಪಪ್ಪಾ, ನೀನು ಅಜ್ಜನ ಜೊತೆ ಯಾಕೆ ಮಾತಾಡಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ: ನೀವು ಆಜ್ಞೆ ಮೀರಿಲ್ಲ. ಪಾಲಿಸುತ್ತಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆದರೆ ಯಾಕೆ ಹೀಗೆ ಹೇಳುತ್ತೇನೆ ಎಂದು ಬಿಡಿಸಿ ಹೇಳದಿದ್ದರೆ, ಇದು ಸಮಾಧಾನಕ್ಕೆ ಹೇಳಿದ ಮಾತು ಅಂತ ನೀವು ಬದಿಗಿಟ್ಟುಬಿಡುತ್ತೀರಿ.

ನನ್ನ ಅಪ್ಪ ಒಳ್ಳೆಯವರು. ಕೈ ಎತ್ತಿದವರಲ್ಲ. ಹಾಗಾಗಿ ಸಭಾಪಾಲಕನಾದ ಮೊದಲ ವರ್ಷಗಳಲ್ಲಿ ಐದನೆಯ ಆಜ್ಞೆಯ ಮೇಲೆ ನಾನು ಮಾಡಿದ ಪ್ರಸಂಗಗಳೆಲ್ಲ ಒಳ್ಳೆಯ ಅಪ್ಪಂದಿರ ಮಕ್ಕಳಿಗೆ ಮಾಡಿದ ಪ್ರಸಂಗಗಳು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ಬಾಗಿಲ ಹತ್ತಿರ ಕೈ ಕುಲುಕಿ, ‘ಅಯ್ಯನವರೇ, ಇವತ್ತಿನ ಪ್ರಸಂಗ ನನಗಲ್ಲ ಅಲ್ವಾ?’ ಎಂದರು. ಆಕೆಯ ಅಪ್ಪ ಏನು ಮಾಡಿದ್ದ ಎಂದು ಆಮೇಲೆ ತಿಳಿಯಿತು. ಆ ರಾತ್ರಿ ಸತ್ಯವೇದ (ಬೈಬಲ್) ಬಿಚ್ಚಿ, ಈ ಆಜ್ಞೆ ನಿಜವಾಗಿ ಏನು ಕೇಳುತ್ತದೆ ಎಂದು ಮೊದಲ ಸಲ ಓದಿದೆ. ಅಲ್ಲಿಯವರೆಗೆ ಓದಿದ್ದು ನನಗೆ ಗೊತ್ತಿದ್ದದ್ದನ್ನೇ.

ಈ ಆಜ್ಞೆ ಯಾರಿಗೆ ಹೇಳಿದ್ದು ನೋಡಿ. ಭಾನುವಾರದ ಶಾಲೆಯಲ್ಲಿ ಇದನ್ನು ಚಿಕ್ಕ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೇಳಿದ ಮಾತು ಕೇಳು, ಎದುರು ಮಾತಾಡಬೇಡ ಎಂದು ಅರ್ಥ ಹೇಳುತ್ತೇವೆ. ಆದರೆ ಸೀನಾಯಿ ಬೆಟ್ಟದ ಕೆಳಗೆ ನಿಂತು ಹತ್ತು ಆಜ್ಞೆ ಕೇಳಿಸಿಕೊಂಡವರು ಬೆಳೆದ ಗಂಡಸರು, ಹೆಂಗಸರು. ವ್ಯಭಿಚಾರ ಮಾಡಬೇಡ, ನೆರೆಯವನ ಮನೆಯನ್ನು ಆಶಿಸಬೇಡ ಎಂಬ ಮಾತು ಮಕ್ಕಳಿಗೆ ಹೇಳುವ ಮಾತಲ್ಲವಲ್ಲ. ಆ ಜನರ ಗುಡಾರಗಳಲ್ಲಿ ಮುದುಕರಾದ ತಂದೆತಾಯಿಗಳಿದ್ದರು. ದುಡಿಯಲಾರದವರು, ಮರುಭೂಮಿಯ ದಾರಿಯಲ್ಲಿ ಬೇಗ ನಡೆಯಲಾರದವರು. ಅವರನ್ನು ಬಿಟ್ಟು ಮುಂದೆ ಹೋಗಬೇಡ ಎನ್ನುವುದೇ ಈ ಆಜ್ಞೆಯ ಮೊದಲ ಅರ್ಥ ಎಂದು ನಾನು ನಂಬುತ್ತೇನೆ. ಯೇಸುವಿನ ಸಂದೇಶ ಸಾರಿದ ಪೌಲ ಕೂಡ ಎಫೆಸ ಊರಿನ ಸಭೆಯವರಿಗೆ ಪತ್ರ ಬರೆಯುವಾಗ ಎರಡು ಬೇರೆ ಮಾತು ಬಳಸುತ್ತಾನೆ. ಮಕ್ಕಳಿಗೆ ‘ವಿಧೇಯರಾಗಿರಿ’ ಎನ್ನುತ್ತಾನೆ. ಮುಂದಿನ ವಚನದಲ್ಲಿ ಹಳೆಯ ಆಜ್ಞೆಯನ್ನು ಎತ್ತಿ ‘ಸನ್ಮಾನಿಸು’ ಎನ್ನುತ್ತಾನೆ. ವಿಧೇಯತೆ ಮನೆಯಲ್ಲಿ ಬೆಳೆಯುವ ಮಕ್ಕಳದ್ದು. ಸನ್ಮಾನಕ್ಕೆ ವಯಸ್ಸಿನ ಮಿತಿ ಇಲ್ಲ.

ಸನ್ಮಾನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಶಾಲು, ಹಾರ, ಹಣ್ಣಿನ ಬುಟ್ಟಿ ಬರುತ್ತವೆ. ಮೂಲದ ಮಾತು ಅದಲ್ಲ. ಇಬ್ರಿಯ (ಹೀಬ್ರೂ) ಭಾಷೆಯ ಕ್ರಿಯಾಪದ ಹುಟ್ಟಿದ್ದು ‘ಭಾರ’ ಎನ್ನುವ ಅರ್ಥದ ಬೇರಿನಿಂದ. ಸತ್ಯವೇದದ ಮುದುಕ ಯಾಜಕ ಏಲಿ ದಪ್ಪನೆಯ, ಭಾರದ ಮನುಷ್ಯ ಎನ್ನುವಲ್ಲಿಯೂ ಅದೇ ಬೇರಿನ ಮಾತು ಇದೆ. ಹಾಗಾದರೆ ಸನ್ಮಾನಿಸು ಎಂದರೆ ತೂಕ ಕೊಡು, ಹಗುರವಾಗಿ ಕಾಣಬೇಡ ಎಂದರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಮಾತಿನ ಬೇರಿಗೆ ‘ಬೆಲೆ’ ಎಂಬ ಅರ್ಥವೂ ಇದೆ. ನಮ್ಮ ಕನ್ನಡದಲ್ಲಿ ಎರಡೂ ತಾವಾಗಿಯೇ ಇವೆ. ಮಾತಿಗೆ ತೂಕ ಇದೆ ಎನ್ನುತ್ತೇವೆ. ಹಿರಿಯರಿಗೆ ಬೆಲೆ ಕೊಡು ಎನ್ನುತ್ತೇವೆ. ತೂಕ ಕೊಡಲು, ಬೆಲೆ ಕೊಡಲು ಎದೆ ಉಕ್ಕಿ ಬರಬೇಕು ಅಂತೇನಿಲ್ಲ. ತಂದೆತಾಯಿಗಳನ್ನು ಪ್ರೀತಿಸು ಎಂದು ಆಜ್ಞೆಯಲ್ಲಿ ಇಲ್ಲವೇ ಇಲ್ಲ. ದೇವರನ್ನು ಪ್ರೀತಿಸು ಎಂದಿದೆ, ನೆರೆಯವನನ್ನು ಪ್ರೀತಿಸು ಎಂದಿದೆ, ಪರದೇಶದವನನ್ನೂ ಪ್ರೀತಿಸು ಎಂದಿದೆ. ಅಪ್ಪ ಅವ್ವನ ವಿಷಯ ಬಂದಾಗ ಮಾತ್ರ ‘ಸನ್ಮಾನಿಸು’. ಎಲ್ಲ ಅಪ್ಪಂದಿರೂ ಪ್ರೀತಿ ಹುಟ್ಟಿಸುವಂತೆ ಬದುಕುವುದಿಲ್ಲ ಎಂದು ದೇವರಿಗೆ ಗೊತ್ತಿತ್ತು ಅನ್ನಿಸುತ್ತದೆ ನನಗೆ.

ಯೇಸುಸ್ವಾಮಿ ಈ ಆಜ್ಞೆಯನ್ನು ಎತ್ತಿಕೊಂಡದ್ದು ಎಲ್ಲಿ? ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ. ಅಲ್ಲಿ ಜಗಳ ಭಾವನೆಯ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ‘ನಿಮಗೆ ಸಲ್ಲಬೇಕಾಗಿದ್ದನ್ನು ದೇವರಿಗೆ ಕೊರ್ಬಾನ್, ಅಂದರೆ ಕಾಣಿಕೆ, ಎಂದು ಇಟ್ಟಿದ್ದೇನೆ’ ಎಂದು ಹೇಳಿ, ಮುದಿ ತಂದೆತಾಯಿಗಳಿಗೆ ಕೊಡಬೇಕಾದದ್ದನ್ನು ತಪ್ಪಿಸಿಕೊಳ್ಳುವವರ ಮೇಲೆ ಅವರು ಸಿಟ್ಟಾದರು. ಬಾಯಲ್ಲಿ ದೇವರು, ಕೈ ಮಾತ್ರ ಬಿಗಿ. ನಿಮ್ಮದು ಇದಕ್ಕೆ ಉಲ್ಟಾ. ನಿಮ್ಮ ಎದೆ ಬಿಗಿದಿದೆ, ಕೈ ಬಿಚ್ಚಿದೆ. ಯೇಸು ಬೈದದ್ದು ನಿಮ್ಮಂಥವರನ್ನಲ್ಲ.

ಈಗ ನಿಮ್ಮ ಶನಿವಾರದ ಗಡ್ಡದ ಕೆಲಸಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ಕುಡಿದ ಅಪ್ಪ ಇದ್ದಾನೆ. ನೋಹ. ಪ್ರಳಯ ಮುಗಿದ ಮೇಲೆ ದ್ರಾಕ್ಷಿತೋಟ ಮಾಡಿದ, ಅದರ ರಸ ಕುಡಿದ, ಅಮಲೇರಿ ಗುಡಾರದೊಳಗೆ ಬೆತ್ತಲೆ ಬಿದ್ದ. ಒಬ್ಬ ಮಗ ಹಾಮ್ ಅದನ್ನು ನೋಡಿ ಹೊರಗೆ ಹೋಗಿ ಹೇಳಿದ. ಇನ್ನಿಬ್ಬರು, ಶೇಮ್ ಮತ್ತು ಯೆಫೆತ್, ಒಂದು ಬಟ್ಟೆಯನ್ನು ಇಬ್ಬರ ಹೆಗಲ ಮೇಲೂ ಹಾಕಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಳಗೆ ಹೋದರು. ಮುಖ ಆ ಕಡೆ ತಿರುಗಿಸಿಕೊಂಡೇ ಅಪ್ಪನಿಗೆ ಹೊದಿಸಿದರು.

ಆ ಮಕ್ಕಳು ಅಪ್ಪನ ಮುಖ ನೋಡಲಿಲ್ಲ. ನೋಡಲು ಆಗುತ್ತಿರಲಿಲ್ಲ. ಆದರೂ ಹೊದಿಸಿದರು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಪ್ರೀತಿ ಇತ್ತೋ, ಅಸಹ್ಯ ಇತ್ತೋ, ನಾಚಿಕೆ ಇತ್ತೋ, ಸತ್ಯವೇದ ಒಂದು ಮಾತೂ ಹೇಳುವುದಿಲ್ಲ. ಬಟ್ಟೆಯ ಬಗ್ಗೆ ಹೇಳುತ್ತದೆ, ಹೆಗಲಿನ ಬಗ್ಗೆ ಹೇಳುತ್ತದೆ, ಹೆಜ್ಜೆಯ ಬಗ್ಗೆ ಹೇಳುತ್ತದೆ. ಜೋತುಬಿದ್ದ ಕೆನ್ನೆಯ ಚರ್ಮವನ್ನು ಬ್ಲೇಡು ತಾಗದಂತೆ ಹೆಬ್ಬೆರಳಿನಿಂದ ಎಳೆದು ಹಿಡಿಯುತ್ತೀರಲ್ಲ, ಭಾನುವಾರ ಜನರ ಮುಂದೆ ಅಪ್ಪ ಚೊಕ್ಕಟವಾಗಿ ಕಾಣಲಿ ಎಂದು, ಅದು ಆ ಬಟ್ಟೆಯೇ. ನಿಮ್ಮನ್ನು ಹೊಡೆದ ಮನುಷ್ಯನ ಗಂಟಲ ಹತ್ತಿರ ಬ್ಲೇಡು ಹಿಡಿದು, ಗಾಯ ಆಗದಂತೆ ನೋಡಿಕೊಳ್ಳುತ್ತಿದ್ದೀರಿ. ಇದಕ್ಕಿಂತ ಜಾಸ್ತಿ ತೂಕ ಕೊಡುವುದು ಹೇಗೆ, ನನಗೆ ಗೊತ್ತಿಲ್ಲ.

ಆದರೆ ಇದೇ ಕತೆಯ ಇನ್ನೊಂದು ಕೊನೆಯನ್ನೂ ಹಿಡಿದುಕೊಳ್ಳಬೇಕು. ಶೇಮ್, ಯೆಫೆತ್ ಹೊದಿಸಿದರು ನಿಜ. ನೋಹ ಕುಡಿದಿದ್ದ ಎಂಬ ವಿಷಯ ಮುಚ್ಚಿಹೋಗಲಿಲ್ಲ. ಅದು ಸತ್ಯವೇದದಲ್ಲೇ ಬರೆದಿದೆ, ಲೋಕವೆಲ್ಲ ಓದುತ್ತದೆ. ಹೊದಿಸುವುದು ಬೇರೆ, ಮುಚ್ಚಿಡುವುದು ಬೇರೆ. ಮನುಷ್ಯನ ಮಾನಕ್ಕೆ ಹೊದಿಸಬೇಕು. ಅವನು ಮಾಡಿದ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ಸಭೆಗಳಲ್ಲಿ ಇವೆರಡನ್ನೂ ಕಲಸಿಬಿಟ್ಟಿದ್ದೇವೆ. ‘ಅಪ್ಪನ ಬಗ್ಗೆ ಹಾಗೆ ಮಾತಾಡಬಾರದು’ ಎಂದು ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ್ದೇವೆ, ಎಷ್ಟೋ ಹೆಂಗಸರನ್ನು ಅದೇ ಮನೆಗೆ ವಾಪಸ್ ಕಳಿಸಿದ್ದೇವೆ. ಅದಕ್ಕೆ ಐದನೆಯ ಆಜ್ಞೆಯ ಹೆಸರು ಹಚ್ಚಿದ್ದು ದೊಡ್ಡ ತಪ್ಪು. ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಹೊಡೆತ ಈಗಲೂ ನಡೆಯುತ್ತಿದ್ದರೆ, ಅವರಿಗೆ ನಾನು ಸನ್ಮಾನದ ಮಾತು ಹೇಳುತ್ತಿಲ್ಲ. ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಹೆಂಗಸರ ಸಹಾಯಕ್ಕೆ 181, ಮಕ್ಕಳಿಗೆ 1098. ಆಜ್ಞೆಯ ವಿಷಯ ಆಮೇಲೆ ನೋಡೋಣ.

ಅಪ್ಪನ ಮೇಲೆ ಸಿಟ್ಟು ಬರುವುದೇ ಪಾಪ ಎನ್ನುವವರಿಗೆ ನಾನು ಯೋನಾತಾನನನ್ನು ತೋರಿಸುತ್ತೇನೆ. ಅವನ ಅಪ್ಪ ಸೌಲ ರಾಜ. ಹೊಟ್ಟೆಕಿಚ್ಚಿನಿಂದ ದಾವೀದನನ್ನು ಕೊಲ್ಲಲು ಹೊರಟವನು. ಊಟದ ಪಂಕ್ತಿಯಲ್ಲೇ ಯೋನಾತಾನ ಎದುರು ನಿಂತು, ಅವನು ಯಾಕೆ ಸಾಯಬೇಕು, ಏನು ಮಾಡಿದ್ದಾನೆ ಎಂದು ಕೇಳಿದ. ಅಪ್ಪ ಈಟಿ ಎಸೆದ. ಯೋನಾತಾನ ಕಡುಕೋಪದಿಂದ ಎದ್ದು ಹೋದ, ಆ ದಿನ ಊಟ ಮಾಡಲಿಲ್ಲ. ಅಪ್ಪನ ಮಾತು ಮೀರಿ ದಾವೀದನನ್ನು ಉಳಿಸಿದ. ಆದರೂ ಅಪ್ಪನ ಕೈ ಬಿಡಲಿಲ್ಲ. ಗಿಲ್ಬೋವ ಬೆಟ್ಟದ ಮೇಲೆ ಅಪ್ಪನ ಜೊತೆಯೇ ಯುದ್ಧದಲ್ಲಿ ಸತ್ತ. ನೀವೂ ಅಷ್ಟು ದೂರ ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ನಾನು ತೋರಿಸುತ್ತಿರುವುದು ಆ ಊಟದ ಪಂಕ್ತಿಯನ್ನು. ಕೋಪದಿಂದ ಎದ್ದುಹೋದ ಮಗನನ್ನು ಸತ್ಯವೇದ ಎಲ್ಲಿಯೂ ತಪ್ಪಿತಸ್ಥ ಎನ್ನುವುದಿಲ್ಲ. ತಂದೆಯರ ದಿನ ನೀವು ಎದ್ದು ಹೊರಗೆ ಹೋದದ್ದೂ ತಪ್ಪಲ್ಲ.

ಆ ದಿನದ ಬಗ್ಗೆ ಒಂದೆರಡು ಮಾತು. ಜೂನ್ ತಿಂಗಳ ಮೂರನೆಯ ಭಾನುವಾರ ಅಮೆರಿಕದಿಂದ ಬಂದ ರೂಢಿ. ಸ್ಪೋಕೇನ್ ಎಂಬ ಊರಿನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು 1909ರಲ್ಲಿ ಚರ್ಚಿನಲ್ಲಿ ತಾಯಂದಿರ ದಿನದ ಪ್ರಸಂಗ ಕೇಳಿ, ಹೆಂಡತಿ ಸತ್ತ ಮೇಲೆ ಮಕ್ಕಳನ್ನು ಸಾಕಿದ ತನ್ನ ಅಪ್ಪನಿಗೂ ಒಂದು ದಿನ ಬೇಕು ಎಂದಳು. 1910ರ ಜೂನ್ 19ರಂದು ಅಲ್ಲಿ ಮೊದಲ ಆಚರಣೆ ನಡೆಯಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ಇಡೀ ದೇಶಕ್ಕೆ ಕಾಯಂ ಮಾಡಿದರು. ಆದರೆ ಅದಕ್ಕೂ ಹಿಂದಿನ ಒಂದು ಆರಾಧನೆ ಇದೆ, ಅದು ನನಗೆ ಜಾಸ್ತಿ ಹತ್ತಿರ. 1907ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಮೊನೋಂಗಾ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 360ಕ್ಕೂ ಹೆಚ್ಚು ಜನ ಸತ್ತರು. ಊರಿನ ತುಂಬ ತಂದೆಯಿಲ್ಲದ ಮಕ್ಕಳು. ಪಕ್ಕದ ಫೇರ್ಮಾಂಟ್ ಊರಿನ ಮೆಥಡಿಸ್ಟ್ ಚರ್ಚಿನಲ್ಲಿ ಗ್ರೇಸ್ ಗೋಲ್ಡನ್ ಕ್ಲೇಟನ್ ಎಂಬಾಕೆ ತನ್ನ ಸಭಾಪಾಲಕರನ್ನು ಕೇಳಿಕೊಂಡು, 1908ರ ಜುಲೈ 5ರಂದು ತಂದೆಯರಿಗಾಗಿ ಒಂದು ಆರಾಧನೆ ಮಾಡಿಸಿದಳು. ಅಲ್ಲಿ ಕೂತಿದ್ದವರಲ್ಲಿ ಎಷ್ಟು ಮಂದಿಗೆ ಹೂ ಕೊಡಲು ಅಪ್ಪನೇ ಇರಲಿಲ್ಲ ಯೋಚಿಸಿ. ಅಳುವವರಿಗೂ ಜಾಗ ಇದ್ದ ದಿನ ಅದು. ಈಗ ನಾವು ಗುಲಾಬಿ ಹಂಚಿ, ಫೋಟೋ ತೆಗೆದು, ಕೇಕು ಕತ್ತರಿಸಿ ಮುಗಿಸುತ್ತೇವೆ. ನನ್ನ ಸಹಸೇವಕರಲ್ಲಿ ಒಂದು ವಿನಂತಿ: ಆ ಭಾನುವಾರ ಯಾರನ್ನೂ ಎದ್ದು ನಿಲ್ಲಿಸಬೇಡಿ. ಪ್ರಾರ್ಥನೆಯಲ್ಲಿ, ಅಪ್ಪನಿಂದ ಗಾಯಗೊಂಡವರನ್ನೂ ಒಂದು ಸಾಲು ನೆನೆಯಿರಿ. ಅವರು ಬೆಂಚಿನ ಕೊನೆಯಲ್ಲಿ ಕೂತಿರುತ್ತಾರೆ.

ನಿಮ್ಮ ಅಪ್ಪ ಅತ್ತ ವಿಷಯ. ಇಲ್ಲಿ ನಾನು ಸಭಾಪಾಲಕನಾಗಿ ಮಾತ್ರ ಮಾತಾಡಿದರೆ ಸಾಲದು. ಲಕ್ವ ಹೊಡೆದವರಲ್ಲಿ ಅಳು, ನಗು ಹಿಡಿತ ತಪ್ಪುವುದುಂಟು. ಮಿದುಳಿಗೆ ಪೆಟ್ಟಾಗಿರುವುದರಿಂದ ಚಿಕ್ಕ ವಿಷಯಕ್ಕೂ ಕಣ್ಣೀರು ಕಿತ್ತುಕೊಂಡು ಬರುತ್ತದೆ. ಅದಕ್ಕೆ ಔಷಧವೂ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇದನ್ನು ಮರೆಯದೆ ಹೇಳಿ. ಹಾಗಾಗಿ ಆ ಅಳುವನ್ನು ‘ಪಶ್ಚಾತ್ತಾಪ’ ಎಂದು ತಕ್ಷಣ ಓದಬೇಡಿ, ‘ನಾಟಕ’ ಎಂದೂ ಓದಬೇಡಿ. ಮೊಮ್ಮಗ ಹೂ ಕೊಟ್ಟ, ಮುದುಕ ಅತ್ತ. ಸದ್ಯಕ್ಕೆ ಅಷ್ಟೇ ಎಂದಿಟ್ಟುಕೊಳ್ಳಿ. ಇನ್ನೊಂದು ಮುಖ್ಯ ಸಂಗತಿ. ಬಲಗಡೆ ಬಿದ್ದುಹೋದವರಲ್ಲಿ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿರುತ್ತದೆ. ಬಹಳ ಜನರಲ್ಲಿ ಮಾತು ಇರುವುದು ಅಲ್ಲೇ. ಹೇಳಬೇಕು ಅನ್ನಿಸಿದರೂ ಪದ ಸಿಗುವುದಿಲ್ಲ. ನೀವು 30 ವರ್ಷದಿಂದ ಕಾಯುತ್ತಿರುವ ‘ತಪ್ಪಾಯಿತು’ ಎಂಬ ಒಂದು ಮಾತು ಆ ಬಾಯಿಂದ ಇನ್ನು ಬರಲಿಕ್ಕಿಲ್ಲ. ಮನಸ್ಸಿದ್ದರೂ ಬರಲಿಕ್ಕಿಲ್ಲ. ಇದನ್ನು ಬರೆಯುವಾಗ ನನಗೂ ನೋವಾಗುತ್ತಿದೆ. ಆದರೆ ನೀವು ಇದನ್ನು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಹಾಗಾದರೆ ಕ್ಷಮೆ? ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದು, ಇಬ್ಬರೂ ಕೂತು, ಒಬ್ಬ ತಪ್ಪು ಒಪ್ಪಿಕೊಂಡು, ಇನ್ನೊಬ್ಬ ಕೈ ಹಿಡಿದು ಸಮಾಧಾನವಾಗುವುದು. ಅದಕ್ಕೆ ಇಬ್ಬರು ಬೇಕು. ಯೋಸೇಫನೂ ತನ್ನನ್ನು ಮಾರಿದ ಅಣ್ಣಂದಿರ ಮುಂದೆ ತಕ್ಷಣ ಅಳುತ್ತಾ ತಬ್ಬಿಕೊಳ್ಳಲಿಲ್ಲ. ಅವರು ಬದಲಾಗಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಿದ. ಕೊನೆಗೂ ‘ಏನೂ ಆಗಿಲ್ಲ ಬಿಡಿ’ ಎನ್ನಲಿಲ್ಲ. ನೀವು ನನಗೆ ಕೇಡನ್ನೇ ಬಗೆದಿರಿ ಎಂದು ಬಾಯಿಬಿಟ್ಟು ಹೇಳಿದ, ಹೇಳಿ ಅವರ ಹೆಂಡತಿ ಮಕ್ಕಳನ್ನು ಸಾಕಿದ. ಇನ್ನೊಂದು, ಒಳಗೆ ಇಟ್ಟುಕೊಂಡ ಸಾಲದ ಚೀಟಿಯನ್ನು ದೇವರ ಕೈಗೆ ಕೊಟ್ಟುಬಿಡುವುದು. ಅದಕ್ಕೆ ನೀವೊಬ್ಬರೇ ಸಾಕು, ನಿಂತು ಪ್ರಾರ್ಥಿಸುವಾಗ ಕ್ಷಮಿಸಿರಿ ಎಂದು ಯೇಸು ಹೇಳಿದ್ದು ಇದನ್ನು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ. ಎರಡನೆಯದು ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ನನ್ನ ಅನುಭವದಲ್ಲಿ, ಜನ ಒಮ್ಮೆಲೇ ‘ಎಲ್ಲ ಕ್ಷಮಿಸಿದೆ’ ಎಂದಾಗ ಅದು ಮೂರು ವಾರ ಬಾಳುತ್ತದೆ. ಒಂದೊಂದೇ ಚೀಟಿ ಕೊಡುವವರದ್ದು ಬಾಳುತ್ತದೆ. ನೀವು ಬೆಂಡೋಲೆಯಿಂದ ಶುರು ಮಾಡಿ. ಒಂದು ನೋಟುಬುಕ್ಕಿನಲ್ಲಿ ಬರೆಯಿರಿ: ಯಾವ ಸಂಜೆ, ಅವ್ವ ಎಲ್ಲಿ ನಿಂತಿದ್ದಳು, ಅಪ್ಪ ಏನು ಹೇಳಿದರು, ನೀವು ಎಷ್ಟು ದೊಡ್ಡವರಿದ್ದಿರಿ. ಬರೆದು, ಅದನ್ನು ದೇವರ ಮುಂದೆ ಗಟ್ಟಿಯಾಗಿ ಓದಿ. ಸತ್ಯವೇದದ ಕೀರ್ತನೆಗಳಲ್ಲಿ ಇಂಥ ದೂರುಗಳು ಬಹಳಷ್ಟಿವೆ. ದೂರು ಹೇಳದವನ ಕ್ಷಮೆ ಬರೀ ಬಾಯಿಮಾತಾಗುತ್ತದೆ.

ಪ್ರೀತಿ ಆಮೇಲೆ ಬರುತ್ತದೆಯೇ? ಕೆಲವರಿಗೆ ಬಂದದ್ದನ್ನು ನೋಡಿದ್ದೇನೆ. ಕೆಲವರಿಗೆ ಕೊನೆಯವರೆಗೂ ಬರಲಿಲ್ಲ, ಅಂಥವರು ಹೆತ್ತವರ ಮಣ್ಣಿಗೆ ಬಂದು ಕಣ್ಣೀರಿಲ್ಲದೆ ನಿಂತು ಹೋದರು. ಅವರ ಸೇವೆ ಕಡಿಮೆಯದಾಗಿತ್ತು ಎಂದು ನಾನು ಹೇಳಲಾರೆ. ಹೈಡೆಲ್‌ಬರ್ಗ್ ಪ್ರಶ್ನೋತ್ತರ ಎಂದು 1563ರ ಒಂದು ಹಳೆಯ ಉಪದೇಶಮಾಲೆ ಇದೆ. ಈ ಆಜ್ಞೆಯ ಅರ್ಥ ಹೇಳುವಾಗ ಅದು ತಂದೆತಾಯಿಗಳ ಬಲಹೀನತೆ, ಕೊರತೆಗಳನ್ನು ತಾಳ್ಮೆಯಿಂದ ಸಹಿಸಬೇಕು ಎನ್ನುತ್ತದೆ. ತಂದೆತಾಯಿಗಳಲ್ಲಿ ಕೊರತೆ ಇರುತ್ತದೆ ಎಂದು 460 ವರ್ಷಗಳ ಹಿಂದೆಯೇ ಸಭೆ ಬಾಯಿಬಿಟ್ಟು ಒಪ್ಪಿಕೊಂಡಿತ್ತು. ನಾವು ಯಾಕೆ ಮರೆತೆವೋ.

ವೃದ್ಧಾಶ್ರಮದ ಬಗ್ಗೆ ನಿಮ್ಮ ಹೆಂಡತಿಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಪ್ಪ ಆಕೆಯನ್ನು ಹೊಡೆಯದಿರಬಹುದು, ಆದರೆ ಎಂಟು ತಿಂಗಳಿಂದ ಮಲಮೂತ್ರ ತೆಗೆಯುತ್ತಿರುವವಳು ಆಕೆ. ಆಕೆಯ ಬೆನ್ನುನೋವೂ ಲೆಕ್ಕಕ್ಕೆ ಬರಬೇಕು. ಯೇಸು ಶಿಲುಬೆಯ ಮೇಲಿಂದ ತಾಯಿ ಮರಿಯಳನ್ನು ಶಿಷ್ಯನ ಕೈಗೆ ಒಪ್ಪಿಸಿದರು. ಆ ಶಿಷ್ಯ ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ. ಹೆತ್ತವರನ್ನು ನೋಡಿಕೊಳ್ಳುವ ಏರ್ಪಾಡು ಮಾಡುವುದೂ ಸನ್ಮಾನವೇ. ಎಲ್ಲವನ್ನೂ ಸ್ವಂತ ಕೈಯಿಂದಲೇ ಮಾಡಬೇಕು ಎಂದು ಎಲ್ಲಿಯೂ ಇಲ್ಲ. ಹಾಗಂತ ಬಿಟ್ಟುಬಂದು ಮರೆಯುವುದು ಬೇರೆ. ಮೊದಲು ಹಗಲು ಹೊತ್ತಿಗೆ ಒಬ್ಬ ಆಯಾ ಸಿಗುತ್ತಾರಾ ನೋಡಿ, ಅಪ್ಪನ ಪಿಂಚಣಿ ಇದೆಯಲ್ಲ, ಅದನ್ನು ಅವರಿಗೇ ಖರ್ಚು ಮಾಡಿ. ಅದೂ ಆಗದಿದ್ದರೆ ಒಳ್ಳೆಯ ಆಶ್ರಮ ಹುಡುಕಿ. ಶನಿವಾರ ಮಾತ್ರ ಬ್ಲೇಡು ತೆಗೆದುಕೊಂಡು ನೀವೇ ಹೋಗಿ.

ಪುಣೆಯ ತಮ್ಮನಿಗೂ ಒಂದು ಪತ್ರ ಬರೆಯಿರಿ. ಅವನೂ ಅದೇ ಮನೆಯಲ್ಲಿ ಹೊಡೆತ ತಿಂದವನು. ದೂರ ಇರುವುದು ಅವನು ಕಂಡುಕೊಂಡ ದಾರಿ, ಅದಕ್ಕೆ ಅವನನ್ನು ದ್ವೇಷಿಸಬೇಡಿ. ಆದರೆ ದುಡ್ಡಿನ ಪಾಲು ಕೇಳಿ, ಅದು ನ್ಯಾಯ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯೂ ಬೆಳೆದ ಮಕ್ಕಳೆಲ್ಲರ ಮೇಲೆ ಈ ಹೊಣೆ ಹೊರಿಸಿದೆ. ಅದೂ ಪ್ರೀತಿ ಇದೆಯಾ ಎಂದು ಕೇಳುವುದಿಲ್ಲ. ಹಿರಿಯರಿಗೆ ಸಂಬಂಧಿಸಿದ ಮಾಹಿತಿಗೆ 14567ಕ್ಕೆ ಫೋನ್ ಮಾಡಬಹುದು.

ನಿಮ್ಮ ಪತ್ರದಲ್ಲಿ ಸೋದರಮಾವ ಒಂದೇ ಸಾಲಿನಲ್ಲಿ ಬಂದು ಹೋದರು. ಫೀಸು ಕಟ್ಟಿ ಓದಿಸಿದವರು. ಸುವಾರ್ತೆಗಳಲ್ಲಿ ಯೇಸುವಿನ ಸಾಕುತಂದೆ ಯೋಸೇಫ ಒಂದೇ ಒಂದು ಮಾತನ್ನೂ ಆಡುವುದಿಲ್ಲ, ಗಮನಿಸಿದ್ದೀರಾ? ಕನಸು ಬಿದ್ದಾಗ ಏಳುತ್ತಾನೆ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೊರಡುತ್ತಾನೆ, ಮತ್ತೆ ಕರೆತರುತ್ತಾನೆ. ಹೆತ್ತವನಲ್ಲ, ಆದರೆ ಅಪ್ಪ. ಕಥೋಲಿಕ ಸಹೋದರರು ಮಾರ್ಚ್ 19ರಂದು ಅವನ ಹಬ್ಬ ಮಾಡುತ್ತಾರೆ. ಪೋಪ್ ಫ್ರಾನ್ಸಿಸ್ 2020ರ ಡಿಸೆಂಬರ್‌ನಲ್ಲಿ ಅವನ ಬಗ್ಗೆಯೇ ಒಂದು ಪತ್ರ ಬರೆದು, ಅಪ್ಪಂದಿರು ಹುಟ್ಟುವುದಿಲ್ಲ, ಆಗುತ್ತಾರೆ ಎಂದರು. ನಿಮ್ಮ ಪಾಲಿಗೆ ಆ ಕೆಲಸ ಮಾಡಿದವರು ಮಾವ. ಅವರು ಇದ್ದರೆ ಈ ವಾರವೇ ಹೋಗಿ ನೋಡಿ. ಇಲ್ಲದಿದ್ದರೆ ಅತ್ತೆಯನ್ನು ನೋಡಿ. ನಿಮ್ಮ ಎದೆಯಲ್ಲಿ ಅಪ್ಪನಿಗೆಂದು ಇದ್ದ ಪ್ರೀತಿ ಸತ್ತಿಲ್ಲ, ಅದು ಅವರ ಹೆಸರಿನಲ್ಲಿ ಜಮೆಯಾಗಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎನ್ನುವಾಗ ಯಾವ ಮುಖ ಕಣ್ಣ ಮುಂದೆ ತಂದುಕೊಳ್ಳಲಿ ಎಂದು ಹೊಡೆತ ತಿಂದವರು ನನ್ನನ್ನು ಕೇಳುವುದುಂಟು. ಫೀಸಿನ ದುಡ್ಡು ಎಣಿಸಿ ಕೈಗಿಟ್ಟ ಮಾವನ ಮುಖ ತಂದುಕೊಳ್ಳಿ ಎನ್ನುತ್ತೇನೆ. ಅಲ್ಲಿಂದ ಶುರು ಮಾಡಿದರೆ ಸಾಕು.

ಇನ್ನು ಮಗ. ಪತ್ರದ ಕೊನೆಗೆ ಬರೆದಿದ್ದೀರಿ, ಆದರೆ ನನಗೆ ಇದೇ ಮೊದಲು. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಮಕ್ಕಳಿಗೆ ಹೇಳಿ ಮುಗಿಸುವುದಿಲ್ಲ. ತಂದೆಗಳೇ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಎನ್ನುತ್ತಾನೆ. ಕೊಲೊಸ್ಸೆಯವರಿಗೆ ಬರೆಯುವಾಗ ಕಾರಣವನ್ನೂ ಹೇಳುತ್ತಾನೆ: ಅವರು ಮನಗುಂದಿ ಹೋದಾರು. ಆಗಿನ ರೋಮ್ ಕಾನೂನಿನಲ್ಲಿ ಮನೆಯ ಯಜಮಾನನಾದ ಅಪ್ಪನಿಗೆ ಮಕ್ಕಳ ಮೇಲೆ ಮಿತಿಯಿಲ್ಲದ ಅಧಿಕಾರ. ಹುಟ್ಟಿದ ಕೂಸನ್ನು ಸಾಕಬೇಕೋ ಹೊರಗೆ ಹಾಕಬೇಕೋ ಎನ್ನುವುದೂ ಅವನ ತೀರ್ಮಾನ. ಅಂಥ ಕಾಲದಲ್ಲಿ ಅಪ್ಪಂದಿರ ಕಡೆ ತಿರುಗಿ, ನಿಮಗೂ ಒಂದು ಮಿತಿ ಇದೆ ಎಂದದ್ದು ಚಿಕ್ಕ ಮಾತಲ್ಲ. ಮಗನಿಗೆ ಬೆತ್ತ ಹಿಡಿಯುವ ಬಗ್ಗೆ ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ಆ ವಚನ ಮಗನನ್ನು ತಿದ್ದದೆ ಬಿಡಬೇಡ ಎನ್ನುತ್ತದೆ. ಲೆಕ್ಕ ತಪ್ಪಿದ್ದಕ್ಕೆ, ದಿನದ ಸುಸ್ತನ್ನು ಸೇರಿಸಿ ಹೊಡೆಯುವುದು ತಿದ್ದುವುದಲ್ಲ ಎಂದು ನಿಮ್ಮ ಮೈಗೇ ಗೊತ್ತು. ನೀವು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವಿನ ಮೇಲೆ ಕೈ ಎತ್ತುವುದನ್ನು ನಿಷೇಧಿಸಿದೆ. ತರಗತಿಯಲ್ಲಿ 40 ಮಕ್ಕಳನ್ನು ಹೊಡೆಯದೆ ಸಂಭಾಳಿಸುವ ನಿಮಗೆ ಮನೆಯಲ್ಲಿ ಒಬ್ಬನನ್ನು ಸಂಭಾಳಿಸಲು ಬರುತ್ತದೆ. ಸಿಟ್ಟು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಎದ್ದು ಅಂಗಳಕ್ಕೆ ಹೋಗಿ, ಮುಖಕ್ಕೆ ನೀರು ಹಾಕಿಕೊಳ್ಳಿ. ಮತ್ತೆ ಮತ್ತೆ ಹಾಗಾಗುತ್ತಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ನೋಡಿ, ಇದರಲ್ಲಿ ನಾಚಿಕೆ ಏನಿಲ್ಲ.

ಮತ್ತು ಅವನ ಹತ್ತಿರ ‘ತಪ್ಪಾಯ್ತು’ ಎನ್ನಿ. ನಿಮ್ಮ ಅಪ್ಪನ ಬಾಯಿಂದ ನಿಮಗೆ ಸಿಗದ ಮಾತು ಅದು. ನಿಮ್ಮ ಬಾಯಿಂದ ನಿಮ್ಮ ಮಗನಿಗೆ ಸಿಗಲಿ. ಕಾರಣ ಸೇರಿಸಬೇಡಿ. ‘ತಪ್ಪಾಯ್ತು, ಆದರೆ ನೀನೂ ಸರಿಯಾಗಿ ಓದಬೇಕಿತ್ತು’ ಎಂದರೆ ಅದು ಹಾಳಾಯಿತು.

ಅಜ್ಜನ ಜೊತೆ ಯಾಕೆ ಮಾತಾಡಲ್ಲ ಎಂದು ಅವನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ಹತ್ತು ವರ್ಷದವನಿಗೆ ಬೆಂಡೋಲೆಯ ಕತೆ ಬೇಡ. ಸುಳ್ಳೂ ಬೇಡ. ಅಜ್ಜನ ಮುಂದೆ ಅಲ್ಲ, ಇಬ್ಬರೇ ಇದ್ದಾಗ, ಹೀಗೆ ಹೇಳಿ: ‘ನಾನು ಚಿಕ್ಕವನಿದ್ದಾಗ ಅಜ್ಜ ತುಂಬಾ ಕುಡಿಯುತ್ತಿದ್ದರು. ನನಗೆ ಹೆದರಿಕೆ ಆಗುತ್ತಿತ್ತು. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೆ ಮಾತು ಬರಲ್ಲ. ಆದರೆ ಅಜ್ಜನನ್ನು ನೋಡಿಕೊಳ್ಳೋದು ನನ್ನ ಕೆಲಸ, ನಾನು ಮಾಡ್ತೀನಿ. ನೀನು ಅಜ್ಜನ ಜೊತೆ ಎಷ್ಟು ಬೇಕಾದರೂ ಮಾತಾಡು.’ ಅವನು ಕೊಟ್ಟ ಗುಲಾಬಿ ಅವನದ್ದು, ಅದಕ್ಕೆ ನಿಮ್ಮ ಲೆಕ್ಕ ಸೇರಿಸಬೇಡಿ. ಶನಿವಾರ ಮಗ್ಗು ಹಿಡಿದು ನಿಲ್ಲುತ್ತಾನಲ್ಲ, ನಿಲ್ಲಲಿ. ಅವನಿಗೆ ಇನ್ನೂ ಕೇಳಬೇಕೆನ್ನಿಸಿದರೆ ತಾನಾಗಿ ಕೇಳುತ್ತಾನೆ. ಆಗ ನನಗೆ ಇನ್ನೊಂದು ಪತ್ರ ಬರೆಯಿರಿ.